ಹಸಿದಿರಬಾರದ ದಿನವೂ ಇದೆ

ರಂಜಾನ್ ಬಂತು ಅಂದ್ರೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ನೀರೂ ಕುಡಿಯಲ್ವಾ?’ ಇಲ್ಲ, ನಸುಕಿನಿಂದ ಸೂರ್ಯ ಮುಳುಗುವವರೆಗೆ ಒಂದು ಗುಟುಕೂ ಇಲ್ಲ. ಈ ಹಸಿವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ‘ತಿನ್ನಿ’ ಎಂದು ಹೇಳುವ ನಿಯಮಗಳು.

ನಸುಕಿಗೆ ಮುಂಚಿನ ಊಟ, ಸಹರಿಯನ್ನೇ ನೋಡಿ. ಅದರಲ್ಲಿ ಬರಕತ್ (ದೇವರ ಆಶೀರ್ವಾದ) ಇದೆ, ಬಿಡಬೇಡಿ ಅಂತಾರೆ. ನಸುಕಿಗೆ ಹತ್ತಿರವಾದಷ್ಟೂ ಒಳ್ಳೆಯದು. ಸಂಜೆ ಉಪವಾಸ ಮುಗಿಸುವ ಇಫ್ತಾರ್ ಅದಕ್ಕೆ ಉಲ್ಟಾ, ತಡ ಮಾಡಲೇಬಾರದು. ಆ ಕೊನೆಯ ಎರಡು ನಿಮಿಷ ಇದೆಯಲ್ಲ, ಖರ್ಜೂರ ಆಗಲೇ ಬೆರಳಲ್ಲಿರುತ್ತದೆ. ಲೋಟದಲ್ಲಿ ನೀರು ಎದುರಿಗೇ ಇರುತ್ತದೆ. ಹರಟುತ್ತಿದ್ದವರೂ ಸುಮ್ಮನಾಗುತ್ತಾರೆ. ಮಕ್ಕಳ ಕಣ್ಣು ಗಡಿಯಾರದ ಮೇಲೆ. ಅಜಾನ್ ಕೇಳಿದ್ದೇ ತಡ, ಖರ್ಜೂರ ಬಾಯಿಗೆ. ‘ಇನ್ನೂ ಅರ್ಧ ಗಂಟೆ ತಡೀತೀನಿ’ ಎಂಬ ಶೂರತನಕ್ಕೆ ಇಲ್ಲಿ ಬೆಲೆಯಿಲ್ಲ.

ಕಾಯಿಲೆಯವರು, ಪ್ರಯಾಣದಲ್ಲಿರುವವರು ರೋಜಾ, ಅಂದರೆ ಉಪವಾಸ, ಬಿಡಬಹುದು, ಆಮೇಲೆ ಇಟ್ಟು ತೀರಿಸಿದರಾಯಿತು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಇಡುವ ಹಾಗೇ ಇಲ್ಲ. ಇನ್ನು ಮುಂದೆ ಇಡಲು ಆಗುವುದೇ ಇಲ್ಲ ಎನ್ನುವಷ್ಟು ವಯಸ್ಸಾದವರು ಒಂದೊಂದು ದಿನಕ್ಕೂ ಒಬ್ಬ ಬಡವರಿಗೆ ಊಟ ಕೊಡುತ್ತಾರೆ, ಅದೇ ಫಿದಿಯಾ. ಇಷ್ಟೆಲ್ಲಾ ಗೊತ್ತಿದ್ದೂ ‘ಯಾಕೆ, ಇವತ್ತು ರೋಜಾ ಇಲ್ವಾ?’ ಎಂದು ಕೆದಕುವವರಿದ್ದಾರೆ. ಮಾರಾಯರೇ, ಬಿಟ್ಟುಬಿಡಿ. ಅದು ಅವರಿಗೂ ದೇವರಿಗೂ ಬಿಟ್ಟ ವಿಷಯ.

(ಅಂದಹಾಗೆ, ಚಂದ್ರನ ಲೆಕ್ಕವಾದ್ದರಿಂದ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2030ರಲ್ಲಿ ಜನವರಿಗೊಮ್ಮೆ, ಡಿಸೆಂಬರ್‌ಗೊಮ್ಮೆ ಎರಡು ಸಲ ಶುರುವಾಗಲಿದೆ. ಈಗಲೇ ಹೇಳಿಟ್ಟಿದ್ದೇನೆ.)

ಮುಂದಿನ ತಿಂಗಳಾದ ಶವ್ವಾಲ್‌ನ ಚಂದ್ರ ಕಂಡರೆ ರಂಜಾನ್ ಮುಗಿಯಿತು. ಮಾರನೇ ದಿನ ಈದ್, ಅವತ್ತು ಉಪವಾಸ ಇದ್ದರೆ ಪುಣ್ಯ ಬರುವುದಿಲ್ಲ, ಅದು ಹರಾಮ್. ಈದ್ ನಮಾಜಿಗೆ ಹೊರಡುವ ಮುಂಚೆಯೇ ಖರ್ಜೂರ ತಿನ್ನುವುದು ಸುನ್ನತ್, ಅಂದರೆ ಪ್ರವಾದಿಯವರ ರೂಢಿ. ಬಕ್ರೀದ್ ದಿನ ಮತ್ತು ಅದರ ನಂತರದ ಮೂರು ದಿನವೂ ಉಪವಾಸ ಇಡುವಂತಿಲ್ಲ.

ನೀವು ತಿಂದರೆ ಸಾಲದು, ಬಡವರ ಮನೆಯಲ್ಲೂ ಒಲೆ ಉರಿಯಬೇಕು. ರಂಜಾನ್ ಮುಗಿಯುವಾಗ ಕೊಡುವ ದಾನ, ಫಿತ್ರಾ, ಇರುವುದು ಇದಕ್ಕೇ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಪಾಲು, ಹಸುಗೂಸಿನದ್ದೂ ಸೇರಿ. ತಲೆಗೆ ಒಂದು ‘ಸಾ’ ಅಳತೆಯ ಧಾನ್ಯ, ಅಂದರೆ ಎರಡೂವರೆಯಿಂದ ಮೂರು ಕಿಲೋ. ಕೆಲವರು ಅದರ ಬೆಲೆಯನ್ನು ದುಡ್ಡಾಗಿ ಕೊಡುತ್ತಾರೆ. ಈದ್ ನಮಾಜ್ ಮುಗಿದ ಮೇಲೆ ಕೊಟ್ಟರೆ ಅದು ಮಾಮೂಲಿ ದಾನ, ಫಿತ್ರಾ ಅಲ್ಲ.

ನನ್ನ ತಕರಾರು ಇರುವುದು ಇಲ್ಲೇ. ತಿಂಗಳಿಡೀ ದೊಡ್ಡ ದೊಡ್ಡ ಇಫ್ತಾರ್ ಕೂಟ, ಅದರ ಫೋಟೋ. ಫಿತ್ರಾ ಮಾತ್ರ ಹಬ್ಬದ ಬೆಳಿಗ್ಗೆ, ಹೊಸ ಬಟ್ಟೆ ಹಾಕಿಕೊಳ್ಳುತ್ತಾ ನೆನಪಾಗುತ್ತದೆ. ಓಡಿಹೋಗಿ ಯಾರದೋ ಕೈಗೆ ಹಾಕಿ ಬರುವುದು. ಲೆಕ್ಕಕ್ಕೆ ಸರಿ, ನಮಾಜಿಗೆ ಮುಂಚೆಯೇ ಕೊಟ್ಟಾಯಿತು. ಆದರೆ ಆ ಧಾನ್ಯವನ್ನು ಅವರು ಬೀಸಿಸುವುದು ಯಾವಾಗ, ಬೇಯಿಸುವುದು ಯಾವಾಗ? ಅವರ ಮಕ್ಕಳಿಗೂ ಹಬ್ಬ ಬೆಳಿಗ್ಗೆಯೇ ಶುರುವಾಗುತ್ತದೆ ಅಲ್ವಾ? ಒಂದೆರಡು ದಿನ ಮುಂಚೆಯೇ ತಲುಪಿಸಿ. ಪ್ರವಾದಿಯವರ ಸಂಗಾತಿಗಳೂ ಹಾಗೆ ಕೊಡುತ್ತಿದ್ದರು.