ನರ್ಸ್‌ಗಳಿಗೆ ಮಾನಸಿಕ ಆರೋಗ್ಯ ತಪಾಸಣೆ ಕಡ್ಡಾಯವಾಗಬೇಕೇ?

ಪರ

ರೋಗಿ ಊಟ ಬಿಟ್ಟರೆ, ಗೋಡೆ ಕಡೆ ಮುಖ ಮಾಡಿ ಮಲಗಿದರೆ ವಾರ್ಡಿನಲ್ಲಿ ಮೊದಲು ಗೊತ್ತಾಗುವುದು ಸಿಸ್ಟರ್‌ಗೆ. ಅದೇ ಸಿಸ್ಟರ್ ಸಾಲಾಗಿ ನೈಟ್ ಡ್ಯೂಟಿ ಮುಗಿಸಿ, ಹ್ಯಾಂಡ್ ಓವರ್ ಕೊಟ್ಟು ಬಂದು, ಹಾಸ್ಟೆಲ್ ರೂಮಿನಲ್ಲಿ ತಾನೂ ಗೋಡೆ ಕಡೆ ತಿರುಗಿ ಮಲಗಿದಾಗ ನೋಡುವವರು ಯಾರು? "ನೈಟ್ ಮಾಡಿದ್ದಾಳೆ, ನಿದ್ದೆ ಮಾಡಲಿ ಬಿಡಿ" ಎಂದು ಬಾಗಿಲು ಎಳೆದುಕೊಂಡು ಹೋಗುತ್ತೇವೆ.

ನರ್ಸ್‌ಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2009ರಲ್ಲಿ ವೈದ್ಯರಿಗೆಂದು ಆರಂಭಿಸಿದ್ದ ತಪಾಸಣೆಯನ್ನು 2016ರಲ್ಲಿ ನರ್ಸ್‌ಗಳಿಗೂ ವಿಸ್ತರಿಸಿತು. ತಾವಾಗಿ ಬಂದು ಹೇಳಿಕೊಳ್ಳದವರನ್ನು ನಾವೇ ಹೋಗಿ ಕೇಳಬೇಕಲ್ಲವೇ?

ಕೆಲಸಕ್ಕೆ ಸೇರುವಾಗ ಹೆಪಟೈಟಿಸ್-ಬಿ ಲಸಿಕೆ ಆಗಿದೆಯೇ ಎಂದು ಕೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ, ಎಲ್ಲರನ್ನೂ ಕೇಳುತ್ತಾರೆ. ಮನಸ್ಸಿನ ವಿಷಯಕ್ಕೆ ಒಬ್ಬಳೇ ಎದ್ದು ಹೋದರೆ ವಾರ್ಡಿಗೆಲ್ಲ ಸುದ್ದಿ. ಇನ್‌ಚಾರ್ಜ್ ಸಿಸ್ಟರ್‌ನಿಂದ ಮೊನ್ನೆ ಸೇರಿದ ಹುಡುಗಿಯವರೆಗೆ ಎಲ್ಲರೂ ಹೋದರೆ (ನಾವು ಮರೆತೇಬಿಡುವ 'ಬ್ರದರ್'ಗಳು, ಅಂದರೆ ಗಂಡು ನರ್ಸ್‌ಗಳೂ ಸೇರಿ) ಯಾರನ್ನೂ ಬೊಟ್ಟು ಮಾಡಿ ತೋರಿಸುವಂತಿಲ್ಲ. ಇಷ್ಟವಿದ್ದವರು ಬನ್ನಿ ಎಂದರೆ ಬರುವವರು ಹೇಗೂ ಬರುವವರೇ. ಬಾರದವಳದ್ದೇ ಚಿಂತೆ.

ವಿರೋಧ

ಫಾರಂ ತುಂಬುವ ಗಳಿಗೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಖಿನ್ನತೆ ಗುರುತಿಸಲು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಕೊನೆಯ, ಒಂಬತ್ತನೆಯ ಪ್ರಶ್ನೆ, ಕಳೆದ ಎರಡು ವಾರದಲ್ಲಿ ಸತ್ತರೇ ವಾಸಿ ಎನ್ನಿಸಿತ್ತೇ ಎಂದು ಕೇಳುತ್ತದೆ. ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಫಾರಂ, ಪಕ್ಕದಲ್ಲಿ ಡ್ಯೂಟಿ ರೋಸ್ಟರ್ ಹಿಡಿದು ನಿಂತ ಮೇಲಿನವರು. ಇಷ್ಟು ವರ್ಷ ಇಲ್ಲೇ ದುಡಿಯುತ್ತೇನೆಂದು ಇವಳು ಬರೆದುಕೊಟ್ಟ ಬಾಂಡ್ ಮುಗಿದಿಲ್ಲ, ಒರಿಜಿನಲ್ ಸರ್ಟಿಫಿಕೇಟ್ ಆಸ್ಪತ್ರೆಯ ಬೀರುವಿನಲ್ಲಿದೆ, ಕಾಲೇಜು ಫೀಸಿಗೆ ಮಾಡಿದ ಸಾಲ ಊರಲ್ಲಿ ಬೆಳೆಯುತ್ತಿದೆ. ಪೆನ್ನು "ಇಲ್ಲವೇ ಇಲ್ಲ" ಎಂಬಲ್ಲಿಗೇ ಹೋಗುತ್ತದೆ. ನನಗೆ ಹೆದರಿಕೆ ಆಮೇಲಿನದರ ಬಗ್ಗೆ. ನಾಳೆ ಅವಳು "ಆಗ್ತಿಲ್ಲ ಮೇಡಂ" ಅಂದರೆ, ಅದೇ ಕಾಗದವನ್ನು ಅವಳ ಮುಂದೆ ಹಿಡಿಯುತ್ತಾರೆ.

ಸ್ಯಾನ್ ಡಿಯಾಗೋದ ಉದಾಹರಣೆ ಕೊಡುವವರು ಮುಖ್ಯ ಸಂಗತಿಯನ್ನೇ ಬಿಟ್ಟುಬಿಡುತ್ತಾರೆ. ಅಲ್ಲಿ ತಪಾಸಣೆ ಐಚ್ಛಿಕ. ಹೆಸರು ಹೇಳದೆಯೇ ಉತ್ತರಿಸಬಹುದು, ಹೆಸರು ಹೇಳದೆಯೇ ಆಪ್ತಸಮಾಲೋಚಕರಿಗೆ ಸಂದೇಶ ಕಳಿಸಬಹುದು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ಈಗಲೂ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ನಡುರಾತ್ರಿಯಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮ್ಯಾಟ್ರನ್ ಅಪ್ಪಣೆ ಬೇಕಿಲ್ಲ.

ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ. ಖಾಸಗಿ ಆಸ್ಪತ್ರೆಯ ನರ್ಸ್‌ಗೆ ಕನಿಷ್ಠ 20,000 ರೂಪಾಯಿ ಸಂಬಳ ಕೊಡಬೇಕೆಂದು, ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ 2016ರಲ್ಲೇ ಶಿಫಾರಸು ಮಾಡಿತ್ತು. ಅದೇ ಐಸಿಯುನಲ್ಲಿ ಒಬ್ಬಳೇ ಮೂವರು ರೋಗಿಗಳ ನಡುವೆ ಓಡುತ್ತಿರುವವಳನ್ನು ನಿಲ್ಲಿಸಿ ತಪಾಸಣೆ ಮಾಡಿದರೆ ಒತ್ತಡವಿದೆ ಎಂದು ಬರುತ್ತದೆ. ಅದು ರೋಸ್ಟರ್ ನೋಡಿದರೇ ಗೊತ್ತಾಗುತ್ತದೆ. ನೈಟ್ ಮುಗಿದ ಮೇಲೆ ಕೊಡಬೇಕಾದ ಆಫ್ ಮೊದಲು ಕೊಡಿ. ರಜೆ ಕೇಳಿದವಳ ಕಾರಣ ಕೆದಕಬೇಡಿ. ತಪಾಸಣೆಗೆ ಅವಳೇ ಹೋಗುತ್ತಾಳೆ, ನಿಮ್ಮ ಆಸ್ಪತ್ರೆಯ ಹೊರಗೆ, ತನಗೆ ನಂಬಿಕೆಯಿದ್ದ ಕಡೆ.