ತಲೆಗಿಷ್ಟು ಎಂದು ಕೂಲಿ ಕೊಟ್ಟು, ಸತ್ಯ ಹೇಳು ಅಂದರೆ?

ಅಮೆರಿಕಕ್ಕೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಒಂದು ಕೆರಿಯರ್ ಕಾಲೇಜಿನಲ್ಲಿ. ಹುದ್ದೆ ಅಡ್ಮಿಷನ್ಸ್ ರೆಪ್, ಅಂದರೆ ಕಾಲೇಜಿಗೆ ಜನರನ್ನು ಸೇರಿಸುವ ಕೆಲಸ. ಊರಲ್ಲಿ ಅಮ್ಮ ಎಲ್ಲರಿಗೂ "ಮಗಳು ಕಾಲೇಜಲ್ಲಿದ್ದಾಳೆ" ಎಂದು ಹೇಳಿಕೊಂಡು ಬಂದಿದ್ದರು. ನಾನು ಮಾಡುತ್ತಿದ್ದದ್ದು ದಿನವಿಡೀ ಫೋನ್. ಮೆಡಿಕಲ್ ಅಸಿಸ್ಟೆಂಟ್, ಡೆಂಟಲ್ ಅಸಿಸ್ಟೆಂಟ್, ಎಸಿ ರಿಪೇರಿ, ವೆಲ್ಡಿಂಗ್ ಇಂಥ ಕಸುಬು ಕಲಿಸುವ ಖಾಸಗಿ ಕಾಲೇಜುಗಳಿವು. ರಾತ್ರಿ ಯಾರೋ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಬೆಳಿಗ್ಗೆ ಅದು ನಮ್ಮ ಪಟ್ಟಿಯಲ್ಲಿ ಒಂದು 'ಲೀಡ್', ಸೇರಿಸಬಹುದಾದ ಗಿರಾಕಿ.

ಆ ನಂಬರ್ ಹಾಕಿದವರು ಯಾರು? ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಾಯಿ. ಕೆಲಸ ಹೋದ ನಲವತ್ತೈದರ ಗಂಡಸು. ಮನೆಯಲ್ಲಿ ಯಾರೂ ಕಾಲೇಜು ಕಂಡಿಲ್ಲ. "ನನ್ನ ಕೈಲಿ ಆಗುತ್ತಾ?" ಎಂದು ಮೆಲ್ಲಗೆ ಕೇಳುತ್ತಾರೆ. ಆಗ ನಾವು ಏನು ಹೇಳಿದರೂ ನಂಬಿಬಿಡುತ್ತಾರೆ.

ಅದಕ್ಕೇ ಇಲ್ಲಿ ಕಾನೂನು ಇದೆ. ಎಷ್ಟು ಜನರನ್ನು ಸೇರಿಸಿದಿರಿ ಎಂದು ಎಣಿಸಿ ಕಮಿಷನ್, ಬೋನಸ್ ಕೊಡಬಾರದು ಎಂದು 1992ರಲ್ಲೇ ಬಂತು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಾಲ, ಗ್ರಾಂಟ್ ಪಡೆಯುವ ಕಾಲೇಜುಗಳೆಲ್ಲ ಇದಕ್ಕೆ ಬದ್ಧ. ಆದರೆ 2002ರಲ್ಲಿ ಶಿಕ್ಷಣ ಇಲಾಖೆ 12 ವಿನಾಯಿತಿ ಕೊಟ್ಟಿತು. ಅದರಲ್ಲಿ ಒಂದರ ಪ್ರಕಾರ ವರ್ಷಕ್ಕೆ ಎರಡು ಸಲ ಸಂಬಳ ಏರಿಸಬಹುದು, ಇಳಿಸಬಹುದು. ಸೇರಿಸಿದ ತಲೆಗಳ ಲೆಕ್ಕ 'ಒಂದನ್ನೇ' ನೋಡದಿದ್ದರೆ ಸಾಕು. ಆ ಒಂದು ಪದದ ಸಂದಿಯಲ್ಲಿ ಕಮಿಷನ್ ವಾಪಸ್ ಒಳಗೆ ಬಂತು.

2010ರಲ್ಲಿ ಸರ್ಕಾರದ ಲೆಕ್ಕ ತನಿಖೆ ಸಂಸ್ಥೆ ಜಿಎಒ ತನ್ನವರನ್ನೇ ವಿದ್ಯಾರ್ಥಿಗಳ ಸೋಗಿನಲ್ಲಿ 15 ಕಾಲೇಜುಗಳಿಗೆ ಕಳಿಸಿತು. ಹದಿನೈದರಲ್ಲೂ ದಾರಿ ತಪ್ಪಿಸುವ ಅಥವಾ ಅನುಮಾನದ ಮಾತು ಕೇಳಿಬಂತು. ನಾಲ್ಕು ಕಡೆ ಸಹಾಯಧನದ ಅರ್ಜಿಯಲ್ಲಿ ಸುಳ್ಳು ಬರೆಯಲು ಹುರಿದುಂಬಿಸಿದರು. ಕ್ಷೌರ ಕಲಿತರೆ ವರ್ಷಕ್ಕೆ ಒಂದೂವರೆಯಿಂದ ಎರಡೂವರೆ ಲಕ್ಷ ಡಾಲರ್ ದುಡಿಯಬಹುದು ಎಂದರು ಒಂದು ಕಡೆ. ಹೆಚ್ಚಿನ ಕ್ಷೌರಿಕರ ದುಡಿಮೆ ಅದರ ಹತ್ತಿರಕ್ಕೂ ಬರುವುದಿಲ್ಲ! 2011ರ ಜುಲೈನಿಂದ ಆ 12 ವಿನಾಯಿತಿಗಳು ಹೋದವು.

ಮರುವರ್ಷ ಇಂಥ ಕಾಲೇಜುಗಳ ಬಗ್ಗೆ ಸೆನೆಟರ್ ಟಾಮ್ ಹಾರ್ಕಿನ್ ಸಮಿತಿಯ ವರದಿ ಬಂತು. ಐಟಿಟಿ ಟೆಕ್ ಎಂಬ ಖಾಸಗಿ ಕಾಲೇಜು ತನ್ನ ರೆಪ್‌ಗಳಿಗೆ ಕೊಟ್ಟಿದ್ದ ಟ್ರೈನಿಂಗ್ ಹಾಳೆ ಅದರಲ್ಲಿತ್ತು. ಹೆಸರು 'ಪೇನ್ ಫನಲ್', ನೋವಿನ ಆಲಿಕೆ. ಒಂದರ ಮೇಲೊಂದು ಪ್ರಶ್ನೆ ಹಾಕಿ ಎದುರಿನವರ ನೋವನ್ನು ಕೆದಕಬೇಕು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೂ ಟ್ರೈನಿಂಗೇ, ಅಲ್ವಾ? ಐಟಿಟಿ 2016ರಲ್ಲಿ ಮುಚ್ಚಿತು. ಅದಕ್ಕೂ ಮುಂಚೆ, 2015ರಲ್ಲಿ ಕೊರಿಂಥಿಯನ್ ಕಾಲೇಜುಗಳು ಬಾಗಿಲು ಹಾಕಿದಾಗ ಸುಮಾರು 16,000 ಮಕ್ಕಳು ಬೀದಿಗೆ ಬಿದ್ದರು.

ನನ್ನ ಆ ಮೊದಲ ಕಾಲೇಜಿನಲ್ಲಿ ಎರಡು ವಾರ ಟ್ರೈನಿಂಗ್. ಸ್ಕ್ರಿಪ್ಟ್ ಬಾಯಿಪಾಠ ಮಾಡುವುದಕ್ಕೇ ಹತ್ತಿರ ಹತ್ತಿರ ಅಷ್ಟೂ ದಿನ. ನಿಯಮಗಳಿಗೆ ಒಂದು ಗಂಟೆಯ ವಿಡಿಯೋ, ಕೊನೆಗೆ ಹತ್ತು ಪ್ರಶ್ನೆ. ಗೋಡೆಯ ಬೋರ್ಡಿನಲ್ಲಿ ನಮ್ಮ ಹೆಸರು, ಪಕ್ಕದಲ್ಲಿ ತಿಂಗಳ ಸೇರ್ಪಡೆ. ನಾವು ಕಲಿತದ್ದು ವಿಡಿಯೋದಿಂದಲ್ಲ, ಬೋರ್ಡಿನಿಂದ.

ಒಂದು ದಿನ ಒಬ್ಬಾಕೆ ಕೇಳಿದರು, "ಇಲ್ಲಿಯ ಕ್ರೆಡಿಟ್ ಆಮೇಲೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಡೆಯುತ್ತಾ?" ಇಲ್ಲಿ ಓದಿ ಮುಗಿಸಿದ ಪಾಠಗಳನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರಾ ಎಂದು. ನಾನು ಹೇಳಿದೆ, "ನಮ್ಮದು ಮಾನ್ಯತೆ ಇರುವ ಕಾಲೇಜು." ಮಾತು ನಿಜ. ಉತ್ತರ ಸುಳ್ಳು. ಮಾನ್ಯತೆ ಇದ್ದ ಮಾತ್ರಕ್ಕೆ ಇನ್ನೊಂದು ಕಡೆ ಕ್ರೆಡಿಟ್ ಒಪ್ಪಬೇಕೆಂದೇನೂ ಇಲ್ಲ. ಫೆಡರಲ್ ನಿಯಮ ಬರೀ ಸುಳ್ಳನ್ನಲ್ಲ, ದಾರಿ ತಪ್ಪಿಸುವ ಮಾತನ್ನೂ ತಪ್ಪು ಅನ್ನುತ್ತದೆ. ಆಕೆ ಸೇರಿದರು. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಈಗ ನಾನು ಬೇರೆ ಕಾಲೇಜಿನಲ್ಲಿ ಹೊಸ ರೆಪ್‌ಗಳಿಗೆ ಕಲಿಸುತ್ತೇನೆ. ಬೋರ್ಡ್ ಇಲ್ಲ. ಎಲ್ಲರಿಗೂ ನಿಗದಿ ಸಂಬಳ. ರೆಕಾರ್ಡ್ ಆದ ಫೋನ್ ಕರೆಗಳನ್ನು ಕೂತು ಒಟ್ಟಿಗೆ ಕೇಳುತ್ತೇವೆ, ಎಲ್ಲಿ ನುಣುಚಿಕೊಂಡೆವು ಎಂದು ಹುಡುಕುತ್ತೇವೆ. ಲೈಸೆನ್ಸ್ ಬೇಕಾದ ಕೆಲಸವಾದರೆ ಆ ರಾಜ್ಯದಲ್ಲಿ ಈ ಕೋರ್ಸ್ ನಡೆಯುತ್ತದೋ ಇಲ್ಲವೋ ಮೊದಲೇ ಹೇಳಬೇಕು. ಸಹಾಯಧನದ ಅರ್ಜಿಗೆ ನಮ್ಮ ರೆಪ್‌ಗಳು ಕೈ ಹಾಕುವಂತಿಲ್ಲ. ಗಂಡನ ಕೆಲಸದ ವೀಸಾ ಜೊತೆ ಸಿಗುವ ಎಚ್4 ವೀಸಾದಲ್ಲಿ ಬಂದ ನಮ್ಮವರೇ ಹೆಣ್ಣುಮಕ್ಕಳು ಇಂಥ ಕೋರ್ಸುಗಳ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದಿಷ್ಟು: ನಿಮಗೆ ಫೆಡರಲ್ ಸಾಲ ಸಿಗುವುದಿಲ್ಲ, ಪೂರ್ತಿ ಕೈಯಿಂದಲೇ ಹಾಕಬೇಕು. ಹತ್ತಿರದ ಕಮ್ಯುನಿಟಿ ಕಾಲೇಜಿನ, ಅಂದರೆ ಊರಿನ ಸರ್ಕಾರಿ ಕಾಲೇಜಿನ, ಫೀಸು ಕೇಳಿಕೊಂಡು ಆಮೇಲೆ ಸಹಿ ಹಾಕಿ.

ಹೋದ ವಾರ ಆ ಕ್ರೆಡಿಟ್ ಪ್ರಶ್ನೆಯನ್ನೇ ಹೊಸ ಹುಡುಗನ ಮುಂದಿಟ್ಟೆ. "ನೀವಾದರೆ ಈಗ ಏನು ಹೇಳುತ್ತೀರಿ?" ಅಂದ.

"ನಡೆಯದೇ ಇರಬಹುದು. ಮೊದಲು ಆ ಯೂನಿವರ್ಸಿಟಿಗೇ ಫೋನ್ ಮಾಡಿ ಕೇಳಿ, ನಂಬರ್ ಕೊಡುತ್ತೇನೆ ಅಂತೀನಿ."

ಅವನು ಬರೆದುಕೊಂಡ. ಆಮೇಲೆ ತಲೆ ಎತ್ತಿ, "ಅವರು ನಮಗೆ ವಾಪಸ್ ಫೋನ್ ಮಾಡದೇ ಹೋದರೆ?"

"ಹೋಗಲಿ ಬಿಡು. ನಿನ್ನ ಸಂಬಳ ಅಷ್ಟೇ ಇರುತ್ತದೆ."