ಸತ್ಯಾಂಶ: ವಕೀಲರಿಲ್ಲದೆ ಕೋರ್ಟಿನಲ್ಲಿ ಮಾತಾಡುವಂತಿಲ್ಲವೇ?

ವಕೀಲರನ್ನು ಇಟ್ಟುಕೊಳ್ಳದಿದ್ದರೆ ಜಡ್ಜ್ ಕೇಸನ್ನೇ ಕೇಳುವುದಿಲ್ಲ ಎನ್ನುವ ವಾಟ್ಸಾಪ್ ಸಂದೇಶ ಆಗಾಗ ಬರುತ್ತಿರುತ್ತದೆ. ಇದು ತಪ್ಪು. ಸಿವಿಲ್ ಕೇಸು ನಡೆಸುವ ಕ್ರಮ ಹೇಳುವ ಕಾಯ್ದೆಯಾದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮದ ಪ್ರಕಾರ ಕಕ್ಷಿದಾರರು ಸ್ವತಃ ಹಾಜರಾಗಬಹುದು. ಗ್ರಾಹಕರ ಆಯೋಗದಲ್ಲೂ ನಿಮ್ಮ ದೂರನ್ನು ನೀವೇ ವಾದಿಸಬಹುದು. ಕೌಟುಂಬಿಕ ನ್ಯಾಯಾಲಯದಲ್ಲಂತೂ ವಕೀಲರು ಬೇಕೆಂದರೆ ಕೋರ್ಟಿನ ಅನುಮತಿ ಕೇಳಬೇಕು.

ಹಾಗಂತ ಸಂದೇಶ ಕಳಿಸಿದವರ ಆತಂಕ ಸುಳ್ಳಲ್ಲ. ಹಕ್ಕು ಇದೆ, ದಾರಿ ಸುಲಭವಿಲ್ಲ. ಅರ್ಜಿಯ ನಮೂನೆ, ಗಡುವು, ದಾಖಲೆಗಳನ್ನು ಸಾಕ್ಷ್ಯವಾಗಿ ಕೋರ್ಟಿನಲ್ಲಿ ಗುರುತು ಮಾಡಿಸುವ ಕ್ರಮ, ಇವೆಲ್ಲ ಹೊಸಬರಿಗೆ ಕಷ್ಟ. 'ಮೊದಲು ವಕೀಲರನ್ನು ಕರ್ಕೊಂಡು ಬನ್ನಿ' ಎಂಬ ಉತ್ತರ ಕೌಂಟರಿನಲ್ಲೇ ಸಿಗಬಹುದು. ಸ್ವತಃ ವಾದಿಸುವವರು ಕಿರಿಕಿರಿ ಮಾಡುತ್ತಾರೆ ಎಂಬ ಪೂರ್ವಗ್ರಹವೂ ಇದೆ. ಅದು ಅನ್ಯಾಯ, ಅಲ್ವಾ? ಎಷ್ಟೋ ಜನ ಹೀಗೆ ಬರುವುದು ಹಟಕ್ಕಲ್ಲ, ಫೀಸು ಕೊಡಲು ಆಗದೆ.

ಅಂಥವರಿಗೆ ಇನ್ನೊಂದು ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಮುಂತಾದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳಬಹುದು. ಉಳಿದವರಿಗೆ ಆದಾಯದ ಮಿತಿ ಇದೆ.

ಇಂಥ ಸಂದೇಶ ಬಂದರೆ ಅದರಲ್ಲಿ ಕಾಯ್ದೆ, ಕಲಂ ಹೇಳಿದ್ದಾರಾ ನೋಡಿ. ಹೇಳಿದ್ದರೆ ಕಾಯ್ದೆಗಳನ್ನು ಪ್ರಕಟಿಸುವ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಮೂಲ ಪಠ್ಯ ಓದಿ. ಹೇಳದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.